ರೆಹಮಾನನ ಕೊಕ್ಕೆ

ಹಮಾಲರ ಕಾಲೊನಿ, ಗಂಗಾವತಿ
ತಾ. 16-11-2025, ರವಿವಾರ

ಬೇಟಿ ಶಮೀನಾ,

ನಿನ್ನ ಮಾಮೂ ಬಡೇಸಾಬನ ಸಲಾಮು. ರಾಯಚೂರಿನಲ್ಲಿ ನೀನೂ ಅಳಿಯಂದಿರೂ ಮಕ್ಕಳೂ ಆರಾಮ ಇದ್ದೀರಿ ಎಂದುಕೊಂಡೇ ಬರೆಯಲು ಕೂತಿದ್ದೇನೆ. ನಾನೂ ಆರಾಮ. ಮೊಣಕಾಲು ಮಾತ್ರ ಕೋರ್ಟಿನ ಮೆಟ್ಟಿಲು ಹತ್ತಿ ಹತ್ತಿ ಕಿರಿಕಿರಿ ಮಾಡುತ್ತಿದೆ, ಆದರೆ ಗೆದ್ದ ಮೊಣಕಾಲಾದ್ದರಿಂದ ಬೈಯುವುದಿಲ್ಲ.

ಹನ್ನೆರಡು ದಿನದಿಂದ ನೀನು ಫೋನಿನಲ್ಲಿ "ಮಾಮೂ, ಕೋರ್ಟಿನ್ಯಾಗ ಏನೇನಾತು" ಎಂದು ಕೇಳುತ್ತಿದ್ದೀಯ. ನಾನು ಒಂದು ಹೆಬ್ಬೆಟ್ಟಿನ ಚಿತ್ರ ಕಳಿಸಿ ಸುಮ್ಮನಿದ್ದೆ. ತಪ್ಪಾಯಿತು. ಇರಕಲ್ಲಗಡದ ಸಾಲಿಯಲ್ಲಿ ಏಳನೇ ಇಯತ್ತೆ ಪಾಸಾಗಿ, ಆಯುಷ್ಯದಲ್ಲಿ ಒಮ್ಮೆಯೂ ಹೆಬ್ಬೆಟ್ಟು ಒತ್ತದ ಮನುಷ್ಯ ಅಕ್ಕನ ಮಗಳಿಗೆ ಹೆಬ್ಬೆಟ್ಟು ಕಳಿಸಿದನಲ್ಲ ಎಂದು ನನಗೇ ನಾಚಿಕೆಯಾಗಿ, ಈಗ ಪೆನ್ನು ಹಿಡಿದಿದ್ದೇನೆ. ನಿನ್ನ ಅಮ್ಮಿಯನ್ನು ಕೇಳಿದ್ದೆಯಂತೆ. ಅವಳು "ಗೆದ್ದೀವಿ, ಉಳಿದದ್ದು ನಿಮ್ಮ ಮಾಮೂನ್ನ ಕೇಳು" ಎಂದು ಫೋನ್ ಇಟ್ಟಳಂತೆ. ಸರಿಯಾಗಿಯೇ ಹೇಳಿದಳು. ಉಳಿದದ್ದೆಲ್ಲ ನನ್ನದೇ.

ಮೊದಲು ಸುದ್ದಿ. ಇಪ್ಪತ್ತೆರಡು ಮನೆಗಳೂ ನಮ್ಮವೇ ಆಗಿ ಉಳಿದವು. ಕಾಲೊನಿ ಕೆಡವಿ ಐದು ಅಂತಸ್ತು ಎಬ್ಬಿಸುತ್ತೇನೆ ಎಂದು ಬಿಲ್ಡರ್ ಕುಬೇರಪ್ಪ ಹಿಡಿದುಕೊಂಡು ತಿರುಗುತ್ತಿದ್ದ ಕರಾರು ರದ್ದಾಯಿತು. ಕೊಪ್ಪಳದ ಕೋರ್ಟಿನ ಜಡ್ಜ್ ಸಾಹೇಬರು ಮೂವತ್ತೊಂದು ಪುಟದ ತೀರ್ಪು ಬರೆದಿದ್ದಾರೆ. ಅದರಲ್ಲಿ ನಿನ್ನ ಅಮ್ಮಿ ನೂರಜಾನಬಿಯ ಹೆಸರು ಒಂಬತ್ತು ಕಡೆ ಬರುತ್ತದೆ, ಏಕೆಂದರೆ ದಾವೆ ಹೂಡಿದವಳು ಅವಳು. ನನ್ನ ಹೆಸರು ಹದಿನಾಲ್ಕು ಕಡೆ ಬರುತ್ತದೆ. ಎಣಿಸಿದವನು ನಾನೇ, ಆದರೂ ನಂಬು.

ಹದಿನಾಲ್ಕು ಕಡೆ ಯಾಕೆ ಬಂತು ಎಂಬುದನ್ನು ಬುಡದಿಂದ ಹೇಳುತ್ತೇನೆ.

ನಾವು ಇಪ್ಪತ್ತೆರಡು ಜನ ಅಕ್ಕಿ ಗಿರಣಿಯ ಒಂದೇ ಟೋಳಿಯ ಹಮಾಲರು ಎಂಬುದು ನಿನಗೆ ಗೊತ್ತು. ಇಬ್ಬರು ಚೀಲ ಎತ್ತಬೇಕು, ಮೂರನೆಯವನ ಬೆನ್ನಿಗೆ ಕೊಡಬೇಕು. ಎತ್ತುವ ಜೋಡಿ ನಿನ್ನ ಅಬ್ಬಾ ರೆಹಮಾನ ಮತ್ತು ನಾನು. ಹೊರುವವನು ಹುಲಿಗೆಪ್ಪ. ಪ್ರತಿದಿನ ಬೆಳಿಗ್ಗೆ ಗಿರಣಿಯ ಗುಮಾಸ್ತ ಹಾಜರಿ ಪುಸ್ತಕ ಮುಂದಿಡುತ್ತಿದ್ದ. ನಮ್ಮಲ್ಲಿ ನನ್ನನ್ನು ಬಿಟ್ಟು ಯಾರಿಗೂ ಬರೆಯಲು ಬಾರದು. ಹೆಬ್ಬೆಟ್ಟು ಒತ್ತಿದರೆ ಪುಸ್ತಕವೆಲ್ಲ ಮಸಿಯಾಗುತ್ತದೆ ಎಂದು ಗುಮಾಸ್ತನ ಗೊಣಗಾಟ. ಆಗ ನಾನು ಒಬ್ಬೊಬ್ಬನಿಗೂ ಒಂದೊಂದು ಸಹಿ ಹೊಲಿದುಕೊಟ್ಟೆ, ದರ್ಜಿ ಅಂಗಿ ಹೊಲಿದಂತೆ ಅಳತೆ ನೋಡಿ. ಹುಲಿಗೆಪ್ಪ ತನ್ನ ಮೊದಲ ಅಕ್ಷರಕ್ಕೆ ಹೊಟ್ಟೆ ದೊಡ್ಡದಿರಲಿ ಎಂದ. ವಿರುಪಣ್ಣ ಸಾಹುಕಾರರಂತೆ ಕೆಳಗೆ ಎರಡು ಗೆರೆ ಬೇಕೆಂದ. ನಿನ್ನ ಅಬ್ಬಾ ಬಹಳ ಹೊತ್ತು ಯೋಚಿಸಿ, "ಕಡೀಕ ಒಂದು ಕೊಕ್ಕಿ ಹಾಕು, ಚೀಲಕ್ಕ ಹಾಕ್ತೀವಲ್ಲ, ಅಂಥಾದ್ದು" ಎಂದ. ಹಾಕಿದೆ. ಅಂದಿನಿಂದ ಇಪ್ಪತ್ತಾರು ವರ್ಷ, ಎಲ್ಲರ ಹಾಜರಿಯೂ ನನ್ನ ಕೈಯಿಂದಲೇ, ಅದೇ ಸಾಲಿನಲ್ಲಿ. ಹುಲಿಗೆಪ್ಪ ಮೊದಲು, ರೆಹಮಾನ ಎರಡನೆಯವ, ಬಡೇಸಾಬ ಮೂರನೆಯವ, ಹಾಗೆ ಇಪ್ಪತ್ತೆರಡರವರೆಗೆ. ಪಡಿತರ ಚೀಟಿ, ಮನೆಯ ಹಂಚಿಕೆ ಪತ್ರ, ಮಕ್ಕಳ ಸಾಲಿಯ ಅರ್ಜಿ, ಎಲ್ಲದಕ್ಕೂ ಇದೇ ಸಹಿ. ನಿನ್ನ ನರ್ಸಿಂಗ್ ಸಾಲಿಯ ಅರ್ಜಿಯ ಮೇಲೆ ಅಬ್ಬಾನ ಸಹಿ ಇತ್ತಲ್ಲ, ಅದೂ ನಾನೇ.

ನಿನ್ನ ಅಬ್ಬಾ ತೀರಿಹೋಗಿ ಏಳು ತಿಂಗಳಾಗಿತ್ತು. ಕುಬೇರಪ್ಪನ ಮ್ಯಾನೇಜರ್ ಬಂದು ಕಾಲೊನಿಯ ಬೇವಿನ ಮರದ ಕೆಳಗೆ ಶಾಮಿಯಾನ ಹಾಕಿಸಿದ. ಮಂಡಕ್ಕಿ ಒಗ್ಗರಣಿ, ಮಿರ್ಚಿ, ಚಾ. ದೊಡ್ಡ ಚಿತ್ರವೊಂದನ್ನು ಬಿಚ್ಚಿ ಐದು ಅಂತಸ್ತು ತೋರಿಸಿದ. ಹಳೆಯ ಮನೆ ಕೆಡವಿ ಕಟ್ಟುತ್ತಾರಂತೆ, ನಮಗೆ ಮೇಲಿನ ಎರಡು ಅಂತಸ್ತು, ಕೆಳಗಿನವು ಮಾರಾಟಕ್ಕೆ. ಹುಲಿಗೆಪ್ಪ ಮಿರ್ಚಿ ಬಾಯಲ್ಲಿಟ್ಟುಕೊಂಡೇ ಲಿಫ್ಟು ಇರುತ್ತದೆಯೇ ಎಂದು ಕೇಳಿದ. ಮುಂದೆ ನೋಡೋಣ ಎಂದ ಮ್ಯಾನೇಜರ್. ಅದಕ್ಕೆ ಹುಲಿಗೆಪ್ಪ, ಆಯುಷ್ಯವೆಲ್ಲ ಚೀಲ ಹೊತ್ತು ಏರಿಸಿದ್ದೇನೆ, ಇನ್ನು ನನ್ನನ್ನೇ ನಾನು ಹೊತ್ತು ಏರಬೇಕೇ ಎಂದ. ಎಲ್ಲರೂ ನಕ್ಕರು. ನಿನ್ನ ಅಮ್ಮಿ ನಗಲಿಲ್ಲ. ಅವಳು ಚಹಾದ ಲೋಟವನ್ನೂ ಮುಟ್ಟದೆ ಎದ್ದು ನಿಂತಳು.

"ನಂದು ಈಗಿರೋ ಮನಿ ನನಗ ಸಾಕ್ರಿ" ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವಳು ಹೋದ ಮೇಲೆ ಮ್ಯಾನೇಜರ್ ಬಿಳಿ ಹಾಳೆ ತೆಗೆದ. ಸಭೆಗೆ ಬಂದವರ ಹಾಜರಿ ಬೇಕು, ಬೇರೇನಿಲ್ಲ ಎಂದ. ಬೇಟಿ, ಹಾಜರಿ ಎಂಬ ಮಾತು ಬಿದ್ದರೆ ಸಾಕು, ನನ್ನ ಕೈ ತಾನೇ ಪೆನ್ನು ಹುಡುಕುತ್ತದೆ. ನಮ್ಮವರೂ ಅಷ್ಟೇ, ಎಂದಿನಂತೆ ನೀನೇ ಹಾಕಿಬಿಡು ಎಂದು ಮಿರ್ಚಿಯ ಕಡೆ ತಿರುಗಿದರು. ನಾನು ಒಂದೇ ಉಸಿರಿಗೆ ಇಪ್ಪತ್ತೆರಡು ಸಹಿ ಹಾಕಿದೆ, ಬಂದವರದೂ ಬಾರದವರದೂ. ಮ್ಯಾನೇಜರ್ ನನ್ನ ಕೈಬರಹವನ್ನು ಹೊಗಳಿದ. ನಾನು ಆ ಖುಷಿಯಲ್ಲಿ ಎರಡು ಮಿರ್ಚಿ ಹೆಚ್ಚು ತಿಂದೆ.

ನಾಲ್ಕು ತಿಂಗಳಿಗೆ ಮನೆ ಮನೆಗೂ ನೋಟಿಸು ಬಂತು. ನೀವೆಲ್ಲ ಒಪ್ಪಿ ಸಹಿ ಮಾಡಿದ್ದೀರಿ, ಅರವತ್ತು ದಿನದಲ್ಲಿ ಖಾಲಿ ಮಾಡಿ ಎಂದು. ಅದರ ಬೆನ್ನಿಗೆ ನನ್ನ ಹಾಳೆಯ ಜೆರಾಕ್ಸ್. ಹಾಳೆಯ ನೆತ್ತಿಯ ಮೇಲೆ ನಾನು ಬರೆದಾಗ ಖಾಲಿ ಇದ್ದ ಜಾಗದಲ್ಲಿ ಈಗ ಟೈಪು ಮಾಡಿದ ಸಾಲುಗಳು ಕೂತಿದ್ದವು.

ನಿನ್ನ ಅಮ್ಮಿಗೆ ಓದಲು ಬಾರದು. ಆದರೆ ನೋಟಿಸು ಹಿಡಿದುಕೊಂಡು ನೆಟ್ಟಗೆ ನನ್ನ ಮನೆಗೆ ಬಂದಳು. ಎರಡನೆಯ ಸಹಿಯ ಮೇಲೆ ಬೆರಳಿಟ್ಟಳು.

"ಈ ಕೊಕ್ಕಿ ನಾ ಬಲ್ಲೆ. ನಮ್ಮ ಪಡಿತರ ಚೀಟಿ ಮ್ಯಾಲ ಐತಿ. ಇದನ್ನ ಹಾಕಿಸಿಕೊಂಡವ ಮಣ್ಣಾಗ ಅದಾನ. ಹಾಕಿದವ ಎಲ್ಲಿ ಅದಾನ ಹೇಳು."

ನಾನು ಅಕ್ಕನ ಮುಖ ಬಿಟ್ಟು ಒಲೆಯ ಕಡೆ ನೋಡಿದೆ. ಹಾಜರಿ ಅಂದರು ಆಪಾ ಎಂದೆ. ಅವಳು ನೋಟಿಸು ಮಡಚಿಕೊಂಡು ಹೊರಟಳು. ಆ ದಿನದಿಂದ ನನ್ನ ಜೊತೆ ಮಾತು ನಿಲ್ಲಿಸಿದಳು. ಎದುರು ಮನೆಯಲ್ಲಿದ್ದುಕೊಂಡು ಎರಡು ವರ್ಷಕ್ಕೂ ಮೇಲೆ ಒಂದು ಮಾತಿಲ್ಲ, ಒಂದು ಲೋಟ ಚಹಾ ಇಲ್ಲ. ರಂಜಾನ್ ಹಬ್ಬಕ್ಕೆ ಸುರಕುಂಬಾ ಪಾಯಸ ಇಡೀ ಕಾಲೊನಿಗೆ ಹಂಚಿದಳು, ನನ್ನ ಹೊಸ್ತಿಲು ದಾಟಿಸಿ ಹುಲಿಗೆಪ್ಪನ ಮನೆಗೆ ಕೊಟ್ಟಳು. ನಾನೇನು ಕಡಿಮೆಯೇ, ಹುಲಿಗೆಪ್ಪನ ಮನೆಗೆ ಹೋಗಿ ಅಲ್ಲೇ ಕುಡಿದೆ.

ಅವಳೇ ವಕೀಲರನ್ನು ಹುಡುಕಿದಳು. ಗೀತಾ ಎಂದು, ನಮ್ಮ ಇರಕಲ್ಲಗಡದ ಹುಡುಗಿ. ನೋಡಲು ಈಗತಾನೇ ಕಾಲೇಜು ಬಿಟ್ಟಂತಿದ್ದಾಳೆ, ಪ್ರಶ್ನೆ ಕೇಳಿದರೆ ಎದುರಿಗಿದ್ದವನ ಬೆನ್ನಲ್ಲಿ ಬೆವರು. ಅವಳು ತಡೆಯಾಜ್ಞೆ ತಂದಳು, ಕೇಸು ನಡೆಯಿತು. ಪ್ರತಿ ತಾರೀಖಿಗೂ ನಾವೆಲ್ಲ ಒಂದೇ ಬಸ್ಸಿನಲ್ಲಿ ಕೊಪ್ಪಳಕ್ಕೆ. ಆಪಾ ಡ್ರೈವರನ ಹಿಂದಿನ ಸೀಟು, ನಾನು ಕಡೆಯ ಸೀಟು. ಬೂದಗುಂಪಾ ಕ್ರಾಸಿನಲ್ಲಿ ಶೇಂಗಾ ಕೊಂಡು ಮುಂದೆ ಕಳಿಸುತ್ತಿದ್ದೆ. ಪೊಟ್ಟಣ ಹಾಗೇ ತಿರುಗಿ ಬರುತ್ತಿತ್ತು, ದಾರಿಯಲ್ಲಿ ವಿರುಪಣ್ಣ ಅರ್ಧ ತಿಂದಿರುತ್ತಿದ್ದ.

ಈ ನಡುವೆ ಕುಬೇರಪ್ಪ ಒಂದು ದಿನ ನನ್ನನ್ನು ತನ್ನ ಆಫೀಸಿಗೆ ಕರೆಸಿದ. ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ, ತಣ್ಣನೆಯ ಸೋಡಾ ಕೊಟ್ಟು, ಬಹಳ ಸಮಾಧಾನದಿಂದ ಮಾತಾಡಿದ. ಸಹಿ ಹಾಕಿದವ ನೀನೆಂದು ನನ್ನ ಬಾಯಿಂದ ಬರುವುದಿಲ್ಲ, ನೀನೂ ಬಾಯಿ ಬಿಡಬೇಡ, ನಿನಗೆ ಒಂದನೇ ಅಂತಸ್ತಿನಲ್ಲೇ ಮನೆ ಎಂದ. ಎದ್ದು ಹೊರಟಾಗ ಬಾಗಿಲವರೆಗೆ ಬಂದ.

"ಬಡೇಸಾಬ, ತಿಳಕೊಂಡಿರು. ಸತ್ತವನ ಹೆಸರಿಗೆ ಖೊಟ್ಟಿ ಸಹಿ ಮಾಡಿದವ ಜೈಲಿಗೆ ಹೋಗ್ತಾನ. ನಾ ಅಲ್ಲ ಮಾಡಿದ್ದು."

ಸುಳ್ಳು ಯಾಕೆ ಹೇಳಲಿ, ಹೆದರಿದೆ. ಎಷ್ಟೋ ತಾರೀಖಿಗೆ ಹೊಟ್ಟೆನೋವು ಎಂದು ಮನೆಯಲ್ಲೇ ಮಲಗಿದೆ. ಅಷ್ಟರಲ್ಲಿ ಹೊಸ ಸುದ್ದಿ ಬಂತು. ಇಪ್ಪತ್ತೆರಡು ಜನರಲ್ಲಿ ಯಾರೂ ಮುಂದೆ ಬಂದು ಆ ಸಹಿ ನನ್ನದಲ್ಲ, ಇಂಥವನು ಹಾಕಿದ್ದು ಎಂದು ಹೇಳದಿದ್ದರೆ ಹಾಳೆಯೇ ನಿಲ್ಲುತ್ತದೆ ಎಂದು ಗೀತಾ ಹೇಳಿದಳಂತೆ. ಹಮಾಲರಲ್ಲಿ ಒಬ್ಬರೂ, ಎಲ್ಲ ಗೊತ್ತಿದ್ದ ಆಪಾನೂ, ನನ್ನ ಹೆಸರು ಹೇಳಲಿಲ್ಲ, ಬೇಟಿ. ಹುಲಿಗೆಪ್ಪನನ್ನು ಕೇಳಿದರೆ, ಯಾರು ಹಾಕಿದರೋ ನೆನಪಿಲ್ಲ, ಮಿರ್ಚಿ ಖಾರ ಇದ್ದದ್ದು ನೆನಪಿದೆ ಎಂದನಂತೆ. ಮನೆ ಹೋಗುವುದಿದ್ದರೂ ನನ್ನನ್ನು ಬಿಟ್ಟುಕೊಡಲಿಲ್ಲ.

ಸಾಕ್ಷಿಯ ದಿನಕ್ಕೆ ಮೂರು ದಿನ ಮುಂಚೆ ಆಪಾ ತನ್ನ ಹೊಸ್ತಿಲಲ್ಲಿ ನಿಂತು, ನನ್ನ ಕಡೆ ನೋಡದೆ, ಬೇವಿನ ಮರಕ್ಕೆ ಹೇಳುವಂತೆ ಹೇಳಿದಳು.

"ಇಪ್ಪತ್ತೆರಡು ಮಂದಿ ಹೆಸರು ಬರಿಯೋ ಕೈಗೆ ತನ್ನ ಹೆಸರು ಹೇಳಾಕ ಬರೂದಿಲ್ಲಂತ."

ಅಷ್ಟೇ. ಮರುದಿನ ನಾನೇ ಗೀತಾಳ ಆಫೀಸಿಗೆ ಹೋದೆ. ಸಾಕ್ಷಿ ಹೇಳುತ್ತೇನೆ, ಏನಾಗುತ್ತದೋ ಆಗಲಿ ಎಂದೆ. ಅವಳು ನಿಮ್ಮ ಮೇಲೂ ಕೇಸು ಬೀಳಬಹುದು ಚಿಗಪ್ಪ ಎಂದು ಎರಡು ಸಲ ಹೇಳಿದಳು. ನಾನು ಬರುವಾಗ ಹೊಸ ಜುಬ್ಬಾ ಹೊಲಿಸಲು ಹಾಕಿ ಬಂದೆ. ಜೈಲಿಗೆ ಹೋದರೂ ಸುಕ್ಕುಗಟ್ಟಿದ ಬಟ್ಟೆಯಲ್ಲಿ ಹೋಗುವವನಲ್ಲ ನಾನು.

ಈಗ ಕೋರ್ಟಿನ ದಿನ. ಇದನ್ನು ಓದುವಾಗ ಮಕ್ಕಳನ್ನೂ ಹತ್ತಿರ ಕೂರಿಸಿಕೋ.

ಮೊದಲು ಮ್ಯಾನೇಜರ್ ಕಟಕಟೆ ಏರಿದ. ತಾನು ಒಂದನೇ ನಂಬರಿನಿಂದ ಶುರುಮಾಡಿ ಮನೆ ಮನೆಗೆ ಹೋದೆ, ಕರಾರು ಓದಿ ಹೇಳಿದೆ, ಒಬ್ಬೊಬ್ಬರೂ ನನ್ನ ಕಣ್ಣೆದುರು ಸಹಿ ಮಾಡಿದರು ಎಂದು ಆಣೆಯಿಟ್ಟು ಹೇಳಿದ. ಗೀತಾ ಎದ್ದಳು. ರೆಹಮಾನ ಅವರ ಮನೆಗೂ ಹೋಗಿದ್ದಿರಾ ಎಂದಳು. ಹೋಗಿದ್ದೆ ಎಂದ. ಬಾಗಿಲು ಯಾರು ತೆಗೆದರು ಎಂದಳು. ಅವರೇ ತೆಗೆದರು ಎಂದ. ಮಾತಾಡಿಸಿದರಾ ಎಂದಳು. ಬಹಳ ಒಳ್ಳೆಯ ಮನುಷ್ಯ, ಕೂರಿಸಿ ಚಹಾ ಕೊಟ್ಟರು ಎಂದ. ಹಿಂದಿನ ಬೆಂಚಿನಲ್ಲಿ ಹುಲಿಗೆಪ್ಪ, ರೆಹಮಾನ ನಮಗೆ ಕೊಡದ ಚಹಾ ಇವನಿಗೆ ಕೊಟ್ಟನಲ್ಲ ಎಂದು ಗೊಣಗಿದ್ದು ಜಡ್ಜರ ಕಿವಿಯವರೆಗೂ ಹೋಯಿತು. ಗೀತಾ ಮರಣ ಪ್ರಮಾಣಪತ್ರ ಮೇಜಿನ ಮೇಲಿಟ್ಟಳು. ಚಹಾ ಕೊಟ್ಟ ದಿನಕ್ಕೂ ಸತ್ತ ದಿನಕ್ಕೂ ಏಳು ತಿಂಗಳ ಅಂತರ. ಮ್ಯಾನೇಜರ್ ನೀರು ಕೇಳಿದ.

ಆಗ ಅವರ ವಕೀಲರು ಜಾಣತನ ತೋರಿಸಿದರು. ಒಂದು ಸಹಿ ತಪ್ಪಿರಬಹುದು, ಮಿಕ್ಕ ಇಪ್ಪತ್ತೊಂದು ಸರಿ ಇವೆ, ಆಕಾರ ಬೇರೆ ಬೇರೆ ಇದೆಯಲ್ಲ ಎಂದರು. ಆಕಾರ ಬೇರೆ ಎಂದು ಅವರ ಬಾಯಿಂದ ಕೇಳಿ ನನಗೆ ಒಳಗೊಳಗೇ ಹೆಮ್ಮೆಯಾಯಿತು, ಅಲ್ಲಾ ಕ್ಷಮಿಸಲಿ.

ನನ್ನನ್ನು ಕರೆದರು. ಇಪ್ಪತ್ತೆರಡೂ ನಾನೇ ಹಾಕಿದ್ದು, ಸಭೆಯ ಹಾಜರಿ ಎಂದು ಹೇಳಿದ್ದಕ್ಕೆ ಹಾಕಿದ್ದು, ಆಗ ಹಾಳೆಯ ಮೇಲೆ ಬೇರೆ ಅಕ್ಷರ ಇರಲಿಲ್ಲ ಎಂದೆ. ಅವರ ವಕೀಲರು, ಈತ ಜನರ ಕಡೆಯವನು, ಈಗ ಕಥೆ ಕಟ್ಟುತ್ತಿದ್ದಾನೆ ಎಂದರು. ಜಡ್ಜ್ ಸಾಹೇಬರು ನನಗೊಂದು ಖಾಲಿ ಹಾಳೆ ಕೊಡಿಸಿ, ಕಾಲೊನಿಯ ಎಲ್ಲರ ಸಹಿಯನ್ನೂ ಇಲ್ಲೇ ಹಾಕಿ ತೋರಿಸಿ ಎಂದರು.

ನಾನು ತೋಳು ಮಡಚಿದೆ. ಯೋಚಿಸಲಿಲ್ಲ. ಹುಲಿಗೆಪ್ಪನ ಹೊಟ್ಟೆ, ರೆಹಮಾನನ ಕೊಕ್ಕೆ, ನನ್ನದು, ವಿರುಪಣ್ಣನ ಎರಡು ಗೆರೆ, ಸರಸರನೆ ಇಪ್ಪತ್ತೆರಡೂ. ಎರಡು ಹಾಳೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಒಂದೇ ಕೈ. ಗೀತಾ ಅಷ್ಟಕ್ಕೇ ಬಿಡಲಿಲ್ಲ. ಗಿರಣಿಯ ಹಳೆಯ ಹಾಜರಿ ಪುಸ್ತಕ ತರಿಸಿದ್ದಳು. ಸಾಲೂ ಅದೇ. ಮ್ಯಾನೇಜರ್ ಒಂದನೇ ನಂಬರಿನಿಂದ ಮನೆ ಮನೆಗೆ ಹೋಗಿದ್ದರೆ ಮೊದಲ ಸಹಿ ಒಂದನೇ ಮನೆಯ ಫಕೀರಮ್ಮನ ಗಂಡನದಾಗಬೇಕು, ಹುಲಿಗೆಪ್ಪನ ಮನೆಯ ನಂಬರು ಹದಿನೇಳು. ಇದು ಮನೆಗಳ ಸಾಲಲ್ಲ, ಚೀಲ ಹೊರುವವರ ಸಾಲು ಎಂದಳು.

ಜಡ್ಜ್ ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಸತ್ತವರ ಹೆಸರಿಗೂ ಯಾಕೆ ಸಹಿ ಮಾಡಿದಿರಿ?"

"ರೂಢಿರಿ ಸಾಹೇಬ್ರ" ಎಂದೆ.

ತೀರ್ಪಿನಲ್ಲಿ ನನ್ನನ್ನು ಚೆನ್ನಾಗಿ ಬೈದಿದ್ದಾರೆ. ಬೇಜವಾಬ್ದಾರಿ ಎಂದು ಎರಡು ಕಡೆ ಇದೆ. ಮೋಸ ಮಾಡುವ ಉದ್ದೇಶ ಈತನಿಗೆ ಇರಲಿಲ್ಲ, ತನ್ನ ತಪ್ಪನ್ನು ತಾನೇ ಬಂದು ಒಪ್ಪಿಕೊಂಡ ಎಂದೂ ಇದೆ. ಇನ್ನು ಮುಂದೆ ಬೇರೆಯವರ ಸಹಿ ಹಾಕಕೂಡದು ಎಂದು ತಾಕೀತು. ಸುಳ್ಳು ಸಾಕ್ಷಿಗಾಗಿ ಮ್ಯಾನೇಜರನ ಮೇಲೆ ಕ್ರಮಕ್ಕೆ ಹೇಳಿದ್ದಾರೆ. ಕುಬೇರಪ್ಪ ಮೇಲಿನ ಕೋರ್ಟಿಗೆ ಹೋಗುತ್ತೇನೆ ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ. ಹೋಗಲಿ. ಅಲ್ಲಿಯೂ ಖಾಲಿ ಹಾಳೆ ಇರುತ್ತದೆ, ನನ್ನ ಕೈಯೂ ಇರುತ್ತದೆ.

ಗೆದ್ದ ದಿನ ಬಸ್ಸಿನಲ್ಲಿ ನಮ್ಮವರ ಗದ್ದಲಕ್ಕೆ ಕಂಡಕ್ಟರ್ ಎರಡು ಸಲ ಸೀಟಿ ಊದಿದ. ಬೂದಗುಂಪಾ ಕ್ರಾಸಿನಲ್ಲಿ ಶೇಂಗಾ ಕೊಂಡು ಮುಂದೆ ಕಳಿಸಿದೆ. ಪೊಟ್ಟಣ ತಿರುಗಿ ಬರಲಿಲ್ಲ. ನಾನು ಕಡೆಯ ಸೀಟಿನಲ್ಲಿ ಕೂತು ಕಿಟಕಿಯ ಹೊರಗೆ ನೋಡಿದೆ, ಕಣ್ಣಿಗೆ ಧೂಳು ಬಿದ್ದಿತ್ತು. ಊರಿಗೆ ಬಂದ ಮೇಲೆ ಬೇವಿನ ಮರದ ಕೆಳಗೆ ನಮ್ಮದೇ ಒಗ್ಗರಣಿ, ನಮ್ಮದೇ ಮಿರ್ಚಿ. ಯಾರೂ ಹಾಜರಿ ಕೇಳಲಿಲ್ಲ. ಆಪಾ ತನ್ನ ಹೊಸ್ತಿಲಿನಿಂದ ಕೂಗಿದಳು.

"ಬಡ್ಯಾ, ಚಾ ಆರತೈತಿ, ಬಾ."

ಬಡ್ಯಾ ಎಂದು ಅವಳು ನನ್ನನ್ನು ಕರೆದು ಮೂವತ್ತು ವರ್ಷವಾಗಿತ್ತು. ಹೋದೆ, ಮೂರು ಲೋಟ ಕುಡಿದೆ.

ಈಗ ಒಂದು ಕೆಲಸ ಉಳಿದಿದೆ. ನಮ್ಮ ಹಮಾಲರ ಸಂಘದ ಪುಸ್ತಕದಲ್ಲಿ ಮನೆ ಇನ್ನೂ ನಿನ್ನ ಅಬ್ಬಾನ ಹೆಸರಲ್ಲೇ ಇದೆ. ಅದನ್ನು ಅಮ್ಮಿಯ ಹೆಸರಿಗೆ ಮಾಡಿಸಬೇಕು, ಗೀತಾ ಕಾಗದ ತಯಾರು ಮಾಡಿ ಕೊಟ್ಟಿದ್ದಾಳೆ. ಮನೆಯವರ ಪೈಕಿ ಒಬ್ಬರು ಸಾಕ್ಷಿ ಸಹಿ ಹಾಕಬೇಕು. ಆಪಾ ಮೊನ್ನೆ ಕಾಗದ ನನ್ನ ಮುಂದಿಟ್ಟು, ಈ ಸಲ ನಿನ್ನ ಹೆಸರು ಮಾತ್ರ ಬರೆ ಎಂದು ನಕ್ಕಳು. ನಾನು ಕನ್ನಡಕ ಒಡೆದಿದೆ ಎಂದು ಹೇಳಿ ಬಂದಿದ್ದೇನೆ. ನಿನಗೆ ರಜೆ ಸಿಕ್ಕ ಕೂಡಲೇ ಬಾ. ಮಕ್ಕಳನ್ನೂ ಕರೆದುಕೊಂಡು ಬಾ, ಅಜ್ಜಿಯ ಮನೆ ಇದ್ದಲ್ಲೇ ಇದೆ ಎಂದು ತೋರಿಸು.

ಅಲ್ಲಾ ನಿನ್ನ ಮನೆಯ ಸೂರು ಗಟ್ಟಿಯಾಗಿ ಇಟ್ಟಿರಲಿ, ನಿನ್ನ ಕೈ ಹಿಡಿದ ರೋಗಿಗಳೆಲ್ಲ ನಡೆದುಕೊಂಡು ಮನೆಗೆ ಹೋಗಲಿ, ಮಕ್ಕಳು ನನ್ನಂತೆ ಬರೆಯಲಿ, ನನ್ನಂತೆ ಮಾತಾಡದಿರಲಿ.

ನಿನ್ನ ಮಾಮೂ,
ಬಡೇಸಾಬ
(ಇದು ನನ್ನದೇ ಸಹಿ)

ತಾ.ಕ.: ಮೇಲಿನದನ್ನು ಮಕ್ಕಳಿಗೆ ಓದಿ ಹೇಳು. ಇದನ್ನು ನೀನೊಬ್ಬಳೇ ಓದು.

ರೂಢಿ ಎಂದು ಜಡ್ಜರಿಗೆ ಹೇಳಿದೆನಲ್ಲ, ಅದು ಪೂರ್ತಿ ನಿಜವಲ್ಲ. ಆ ದಿನ ಶಾಮಿಯಾನದ ಕೆಳಗೆ ಹುಲಿಗೆಪ್ಪನ ಸಹಿ ಮುಗಿಸಿದ ಮೇಲೆ ನನ್ನ ಕೈ ನಿಂತಿತ್ತು. ರೆಹಮಾನ ಇಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಕೊಕ್ಕೆ ಹಾಕಿದೆ. ಅವನಿಗಾಗಿ ಹಾಕದೆ ಬಿಟ್ಟ ಸಹಿಯೊಂದು ನನ್ನ ಕೈಯ ಮೇಲೆ ಸಾಲ ಇತ್ತು.

ನಿನ್ನ ಅಬ್ಬಾನಿಗೆ ಹೊಟ್ಟೆನೋವು ಎದ್ದ ದಿನ ಅಮ್ಮಿ ಹುಲಿಹೈದರದಲ್ಲಿ ಮದುವೆಗೆ ಹೋಗಿದ್ದಳು, ನೀನು ರಾಯಚೂರಿನಲ್ಲಿ ಡ್ಯೂಟಿಯ ಮೇಲಿದ್ದೆ. ಕೊಪ್ಪಳದ ದವಾಖಾನೆಗೆ ನಾನೇ ಕರೆದೊಯ್ದೆ. ಹನ್ನೊಂದು ಗಂಟೆಗೆ ಡಾಕ್ಟರಮ್ಮ ಕಾಗದ ತಂದರು. ಕರುಳಿಗೆ ತೂತು ಬಿದ್ದಿದೆ, ಈಗಲೇ ಆಪರೇಶನ್ ಆಗಬೇಕು, ಮನೆಯವರು ಸಹಿ ಹಾಕಿ ಎಂದರು. ನಾನು ಏಳನೇ ಇಯತ್ತೆ ಓದಿದವನು, ಓದಿದೆ. ಜೀವಕ್ಕೆ ಅಪಾಯವಾದರೆ ನಮ್ಮದೇ ಹೊಣೆ ಎಂದಿತ್ತು. ಇಪ್ಪತ್ತಾರು ವರ್ಷ ಅವನ ಹೆಸರು ಬರೆದ ಕೈ ಅಲ್ಲಿ ನನ್ನ ಹೆಸರು ಬರೆಯಲಿಲ್ಲ. ಹೆಂಡತಿ ಬರಲಿ ಎಂದೆ. ಅವರು ಮೂರು ಸಲ ಬಂದು ತಿಳಿಸಿ ಹೇಳಿದರು. ಮೂರು ಸಲವೂ ಅದೇ ಹೇಳಿದೆ. ಆಪಾ ಎರಡೂವರೆಗೆ ಬಂದಳು. ಏನು ಬರೆದಿದೆ ಎಂದೂ ಕೇಳದೆ ನಿಂತಲ್ಲೇ ಹೆಬ್ಬೆಟ್ಟು ಒತ್ತಿದಳು. ಒಳಗೆ ಕರೆದೊಯ್ದರು. ಆಮೇಲಿನದು ನಿನಗೆ ಗೊತ್ತು. ಈ ಕಾಗದ ಈಗ ತಾನೇ ಬಂತು ಆಪಾ ಎಂದು ನಾನು ಅವಳಿಗೆ ಹೇಳಿದೆ. ಇವತ್ತಿಗೂ ಅವಳು ಅದನ್ನೇ ನಂಬಿದ್ದಾಳೆ.

ನೀನು ದಿನಾ ಅಂಥ ಕಾಗದ ಹಿಡಿದು ಜನರ ಮುಂದೆ ನಿಲ್ಲುವವಳು. ಆ ಮೂರೂವರೆ ತಾಸಿನಲ್ಲಿ ಏನಾಗಬಹುದಿತ್ತು ಎಂಬುದು ನಿನಗೆ ತಿಳಿದಿರುತ್ತದೆ. ನನಗೆ ಬರೆಯಬೇಡ.

ಕನ್ನಡಕ ಒಡೆದಿಲ್ಲ, ಬೇಟಿ. ಕಿಸೆಯಲ್ಲೇ ಇದೆ. ನೀನು ಬಂದ ದಿನ ಇದನ್ನು ನಾನೇ ಆಪಾನಿಗೆ ಹೇಳುತ್ತೇನೆ, ನೀನು ಅವಳ ಪಕ್ಕದಲ್ಲಿ ನಿಂತಿರು. ಅದನ್ನು ಕೇಳಿದ ಮೇಲೂ ಅವಳು ಆ ಮನೆಯ ಕಾಗದವನ್ನು ನನ್ನ ಮುಂದಿಟ್ಟರೆ, ಸಹಿ ಹಾಕುತ್ತೇನೆ.